ಸೆಗಣಿ: ಸಂಪತ್ತೋ, ಸಮಸ್ಯೆಯೋ? — ಹಟ್ಟಿಯ ತ್ಯಾಜ್ಯದ ಬಗ್ಗೆ ಒಂದು ಪಾಠ



ಕೊಲ್ಲಿ ನಾಡಿನಲ್ಲಿ ದುಡಿಯುತ್ತಿರುವ ನಮ್ಮಲ್ಲಿ ಅನೇಕರಿಗೆ ಒಂದು ಕನಸಿದೆ. ಇನ್ನು ನಾಲ್ಕೈದು ವರ್ಷ ಇಲ್ಲಿ ಕೆಲಸ ಮಾಡಿ, ಆಮೇಲೆ ಊರಿಗೆ ಹೋಗಿ ಹಿರಿಯರ ಜಾಗದಲ್ಲಿ ತೋಟ ನೋಡಿಕೊಂಡು, ಹತ್ತಿಪ್ಪತ್ತು ದನ ಕಟ್ಟಿ ಹಾಲಿನ ಸೊಸೈಟಿಗೆ ಹಾಲು ಹಾಕಬೇಕು ಎಂಬುದು ಆ ಕನಸು. ಕೆಲವರು ಈಗಾಗಲೇ ಊರಿನಲ್ಲಿರುವ ತಮ್ಮನ ಹೆಸರಿನಲ್ಲಿಯೋ ಭಾವನ ಉಸ್ತುವಾರಿಯಲ್ಲಿಯೋ ಡೈರಿ ಆರಂಭಿಸಿದ್ದಾರೆ. ಬಹಳ ಸಂತೋಷದ ವಿಷಯ. ಆದರೆ ಡೈರಿಯ ಯೋಜನೆ ಹಾಕುವಾಗ ನಾವು ದನದ ಬೆಲೆ, ಹಾಲಿನ ದರ, ಹಿಂಡಿಯ ಖರ್ಚು, ಕೆಲಸದವರ ಸಂಬಳ ಇವೆಲ್ಲವನ್ನೂ ಬರೆಯುತ್ತೇವೆ. ಸೆಗಣಿಯ ಲೆಕ್ಕವನ್ನು ಮಾತ್ರ ಬರೆಯುವುದಿಲ್ಲ. "ಅದಕ್ಕೇನು, ತೋಟಕ್ಕೆ ಹೋಗುತ್ತದೆ" ಎಂದು ಬಿಟ್ಟುಬಿಡುತ್ತೇವೆ. ಎರಡು ಮಳೆಗಾಲ ಕಳೆಯುವುದರೊಳಗೆ ನೆರೆಮನೆಯವರ ಬಾವಿಯ ನೀರು ಕೆಟ್ಟಿತು, ನೊಣ ಹೆಚ್ಚಾಯಿತು, ಪಂಚಾಯಿತಿಗೆ ದೂರು ಹೋಯಿತು ಎಂಬ ಸುದ್ದಿ ಬರುತ್ತದೆ. ಆದ್ದರಿಂದ ಈ ಸಂಚಿಕೆಯಲ್ಲಿ ಹಟ್ಟಿಯ ತ್ಯಾಜ್ಯವನ್ನೇ ಒಂದು ಪಾಠವಾಗಿ ತೆಗೆದುಕೊಳ್ಳೋಣ.

ಮೊದಲು ಲೆಕ್ಕ

ನಮ್ಮ ಊರಿನ ಗಿಡ್ಡ ತಳಿಯ ಸಣ್ಣ ದನ ದಿನಕ್ಕೆ ಸುಮಾರು 5ರಿಂದ 8 ಕಿಲೋ ಸೆಗಣಿ ಹಾಕುತ್ತದೆ. ದೇಶದ ಸರಾಸರಿಯನ್ನು ಸಾಮಾನ್ಯವಾಗಿ 10 ಕಿಲೋ ಎಂದು ಹಿಡಿಯುತ್ತಾರೆ. ಚೆನ್ನಾಗಿ ಮೇವು ತಿನ್ನುವ ಹೋಲ್‌ಸ್ಟೈನ್ ಮಿಶ್ರ ತಳಿಯ ದನ 30 ಕಿಲೋ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಾಕುತ್ತದೆ. ಹೆಚ್ಚು ಹಾಲು ಎಂದರೆ ಹೆಚ್ಚು ಮೇವು, ಹೆಚ್ಚು ಮೇವು ಎಂದರೆ ಹೆಚ್ಚು ಸೆಗಣಿ.

2019ರ ಜಾನುವಾರು ಗಣತಿಯಂತೆ ಭಾರತದಲ್ಲಿ ದನಗಳು ಸುಮಾರು 19 ಕೋಟಿ 25 ಲಕ್ಷ, ಎಮ್ಮೆಗಳು ಸುಮಾರು 11 ಕೋಟಿ. ಒಂದಕ್ಕೆ 10 ಕಿಲೋ ಎಂದು ಹಿಡಿದರೂ ದಿನವೊಂದಕ್ಕೆ 30 ಲಕ್ಷ ಟನ್ ಸೆಗಣಿಯಾಯಿತು. ಇದರಲ್ಲಿ ಒಂದು ಪಾಲು ಗೊಬ್ಬರವಾಗುತ್ತದೆ, ಒಂದು ಪಾಲು ಬೆರಣಿಯಾಗಿ ಒಲೆ ಸೇರುತ್ತದೆ, ಉಳಿದದ್ದು ಚರಂಡಿ, ತೋಡು, ಕೆರೆಗಳನ್ನು ಸೇರುತ್ತದೆ.

ಈಗ ನಮ್ಮ ಕನಸಿನ ಡೈರಿಗೆ ಬರೋಣ. 20 ಮಿಶ್ರ ತಳಿ ದನ, ದಿನಕ್ಕೆ ತಲಾ 30 ಕಿಲೋ ಎಂದರೆ 600 ಕಿಲೋ. ವರ್ಷಕ್ಕೆ 219 ಟನ್. ಇದು ಸೆಗಣಿ ಮಾತ್ರ. ಗಂಜಲ ಮತ್ತು ಹಟ್ಟಿ ತೊಳೆದ ನೀರು ಬೇರೆ.

ಈ 219 ಟನ್‌ಗೆ ಎಷ್ಟು ತೋಟ ಬೇಕು? ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಜೊತೆಗೆ 12 ಕಿಲೋ ಹಸಿರೆಲೆ ಮತ್ತು 12 ಕಿಲೋ ಕಾಂಪೋಸ್ಟ್ ಬೇಕು. ಎಕರೆಗೆ 550 ಮರ ಎಂದರೆ ಕಾಂಪೋಸ್ಟ್ ಬೇಕಾದದ್ದು ಆರೂವರೆ ಟನ್‌ನಷ್ಟು. ಹಸಿ ಸೆಗಣಿ ಕಳಿತು ಗೊಬ್ಬರವಾಗುವಾಗ ತೂಕ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅಂದರೆ 219 ಟನ್ ಸೆಗಣಿಯಿಂದ ಸುಮಾರು 110 ಟನ್ ಗೊಬ್ಬರ. ಅದಕ್ಕೆ ಬೇಕಾದ ಅಡಿಕೆ ತೋಟ 16ರಿಂದ 17 ಎಕರೆ!

ಸಾರಜನಕದ ದಾರಿಯಲ್ಲಿ ಲೆಕ್ಕ ಹಾಕಿದರೂ ಇದೇ ಉತ್ತರ ಬರುತ್ತದೆ. ಹಸಿ ಸೆಗಣಿಯಲ್ಲಿ ಶೇಕಡಾ 0.4ರಷ್ಟು ಸಾರಜನಕ ಎಂದು ಹಿಡಿದರೆ 219 ಟನ್‌ನಲ್ಲಿ ಸುಮಾರು 880 ಕಿಲೋ ಇದೆ. ಒಂದು ಎಕರೆ ಅಡಿಕೆಗೆ ಬೇಕಾದದ್ದು 55 ಕಿಲೋ. ಭಾಗಿಸಿದರೆ 16 ಎಕರೆ.

ನಮ್ಮಲ್ಲಿ ಬಹುತೇಕರ ತೋಟ ಒಂದೆರಡು ಎಕರೆ. ಎರಡು ಎಕರೆ ತೋಟಕ್ಕೆ ಸಾಕಾಗುವ ಗೊಬ್ಬರ ಕೊಡಲು ಎರಡು ಮೂರು ಮಿಶ್ರ ತಳಿ ದನ ಸಾಕು. ಹಿರಿಯರ ಹಟ್ಟಿಯಲ್ಲಿ ಏಳೆಂಟು ಗಿಡ್ಡ ದನ ಇದ್ದಾಗ ಯಾರೂ ಮಾಲಿನ್ಯದ ಮಾತು ಆಡದಿದ್ದುದಕ್ಕೆ ಇದೇ ಕಾರಣ. ಭೂಮಿ ತೆಗೆದುಕೊಳ್ಳುವಷ್ಟೇ ಸೆಗಣಿ ಅಲ್ಲಿ ಇತ್ತು. 20 ದನ ಕಟ್ಟುವವರು ಉಳಿದ 14 ಎಕರೆಯ ಗೊಬ್ಬರ ಯಾರ ಜಾಗಕ್ಕೆ, ಹೇಗೆ ಹೋಗುತ್ತದೆ ಎಂಬುದನ್ನು ದನ ತರುವ ಮೊದಲೇ ತೀರ್ಮಾನಿಸಬೇಕು.

ಹಿರಿಯರ ಸೊಪ್ಪಿನ ಹಟ್ಟಿ

ಕರಾವಳಿ ಮತ್ತು ಮಲೆನಾಡಿನ ಹಳೆಯ ಹಟ್ಟಿಗಳಲ್ಲಿ ದನದ ಕಾಲಡಿಗೆ ದಿನವೂ ಸೊಪ್ಪು ಅಥವಾ ತರಗೆಲೆ ಹಾಸುವ ಪದ್ಧತಿ ಇತ್ತು. ಈಗಲೂ ಕೆಲವೆಡೆ ಇದೆ. ಸೆಗಣಿ, ಗಂಜಲ, ಸೊಪ್ಪು ಮೂರೂ ಸೇರಿ ತುಳಿದು ಹದವಾದ ಮೇಲೆ ಗೊಬ್ಬರದ ಗುಂಡಿಗೆ ಹೋಗುತ್ತಿತ್ತು.

ಇದರ ಹಿಂದೆ ಒಳ್ಳೆಯ ವಿಜ್ಞಾನವಿದೆ. ದನ ಹೊರಹಾಕುವ ಸಾರಜನಕದ ದೊಡ್ಡ ಪಾಲು ಸೆಗಣಿಯಲ್ಲಿ ಅಲ್ಲ, ಗಂಜಲದಲ್ಲಿ ಯೂರಿಯಾ ರೂಪದಲ್ಲಿ ಇರುತ್ತದೆ. ಗಂಜಲ ಬರಿ ನೆಲದ ಮೇಲೆ ಬಿದ್ದರೆ ಆ ಯೂರಿಯಾ ಬೇಗನೆ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಹಟ್ಟಿಯಲ್ಲಿ ಕಣ್ಣು ಉರಿಸುವ ವಾಸನೆ ಅದೇ. ಒಣ ಎಲೆ ಗಂಜಲವನ್ನು ಹೀರಿಕೊಳ್ಳುತ್ತದೆ. ಎಲೆಯಲ್ಲಿರುವ ಇಂಗಾಲ ಸೂಕ್ಷ್ಮಜೀವಿಗಳಿಗೆ ಆಹಾರವಾಗಿ, ಅವು ಸಾರಜನಕವನ್ನು ತಮ್ಮ ದೇಹದಲ್ಲಿ ಹಿಡಿದಿಡುತ್ತವೆ. ಒಂದು ಭಾಗ ಸಾರಜನಕಕ್ಕೆ 25ರಿಂದ 30 ಭಾಗ ಇಂಗಾಲ ಇದ್ದರೆ ಗೊಬ್ಬರ ಚೆನ್ನಾಗಿ ಕಳಿಯುತ್ತದೆ. ಕೋಳಿ ಹಿಕ್ಕೆಯಲ್ಲಿ ಈ ಪ್ರಮಾಣ ಹತ್ತರ ಆಸುಪಾಸು ಮಾತ್ರ. ಆದ್ದರಿಂದಲೇ ಕೋಳಿ ಫಾರ್ಮಿನ ವಾಸನೆ ಅಷ್ಟು ತೀಕ್ಷ್ಣ, ಅದಕ್ಕೆ ಮರದ ಹೊಟ್ಟು ಅಥವಾ ಭತ್ತದ ಹೊಟ್ಟು ಹೆಚ್ಚು ಬೇಕು.

ಆಮೇಲೆ ಬಂದದ್ದು ಸಿಮೆಂಟಿನ ನೆಲ ಮತ್ತು ಪಂಪಿನ ಪೈಪು. ಎರಡೂ ದನದ ಶುಚಿತ್ವಕ್ಕೆ ಒಳ್ಳೆಯವೇ. ಆದರೆ ಪೈಪು ಹಿಡಿದು ಸೆಗಣಿಯನ್ನೂ ಗಂಜಲವನ್ನೂ ಒಟ್ಟಿಗೆ ತೊಳೆದು ಹೊರಗೆ ಬಿಟ್ಟಾಗ ಪರಿಸ್ಥಿತಿ ಪೂರ್ತಿ ಬದಲಾಗುತ್ತದೆ. ಗಟ್ಟಿ ಸೆಗಣಿಯನ್ನು ಬುಟ್ಟಿಯಲ್ಲಿ ಹೊರಬಹುದು, ಒಣಗಿಸಬಹುದು, ಮಾರಬಹುದು. ನೀರಾದ ಸೆಗಣಿಯನ್ನು ಹೊರಲಾಗದು, ಒಣಗಿಸಲಾಗದು, ಅದು ಇಳಿಜಾರು ಇರುವ ಕಡೆಗೆ ಹರಿಯುತ್ತದೆ. ಈ ಪಾಠದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ: ಗಟ್ಟಿಯಾಗಿದ್ದಾಗ ಗೊಬ್ಬರ, ನೀರಾಗಿ ಹರಿದಾಗ ಮಾಲಿನ್ಯ.

ಮಾಲಿನ್ಯ ಆಗುವುದು ಹೇಗೆ?

1. ಬಾವಿಯ ನೀರು: ಸೆಗಣಿ ಗಂಜಲದ ಸಾರಜನಕ ಮಣ್ಣಿನಲ್ಲಿ ನೈಟ್ರೇಟ್ ಆಗಿ ಬದಲಾಗಿ ನೀರಿನೊಂದಿಗೆ ಕೆಳಗೆ ಇಳಿಯುತ್ತದೆ. ನಮ್ಮ ಕರಾವಳಿಯ ಮುರಕಲ್ಲಿನ ನೆಲದಲ್ಲಿ ನೀರು ಬೇಗ ಇಳಿಯುವುದರಿಂದ ಅಪಾಯ ಹೆಚ್ಚು. ಭಾರತದ ಮಾನದಂಡದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟ್ ಇರಬಾರದು. ಹೆಚ್ಚಾದರೆ ಮುಖ್ಯವಾಗಿ ಆರು ತಿಂಗಳೊಳಗಿನ ಶಿಶುಗಳಿಗೆ ತೊಂದರೆ. ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಂದಿ ಮಗುವಿನ ಮೈ ನೀಲಿಯಾಗುತ್ತದೆ. ಒಂದು ಎಚ್ಚರಿಕೆ: ನೀರು ಕುದಿಸಿದರೆ ರೋಗಾಣು ಸಾಯುತ್ತದೆ, ಆದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗುವುದರಿಂದ ಅದು ಇನ್ನಷ್ಟು ಸಾಂದ್ರವಾಗುತ್ತದೆ.

2. ತೋಡು ಮತ್ತು ಕೆರೆ: ಸಾರಜನಕ, ರಂಜಕ ಸೇರಿದ ಕೆರೆಯಲ್ಲಿ ಪಾಚಿ ಮತ್ತು ಜಲಕಳೆ ವಿಪರೀತ ಬೆಳೆಯುತ್ತದೆ. ಅದು ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಮುಗಿದು ಮೀನು ಸಾಯುತ್ತದೆ.

3. ರೋಗಾಣು ಮತ್ತು ನೊಣ: ಹಸಿ ಸೆಗಣಿಯಲ್ಲಿ ಭೇದಿ ತರುವ ಬ್ಯಾಕ್ಟೀರಿಯಾಗಳೂ ಜಂತುಹುಳದ ಮೊಟ್ಟೆಗಳೂ ಇರಬಹುದು. ತೆರೆದ ತಿಪ್ಪೆ ನೊಣಗಳಿಗೆ ತವರುಮನೆ.

4. ಗಾಳಿ: ತೆರೆದ ತಿಪ್ಪೆಯಿಂದ ಅಮೋನಿಯಾ, ನೀರು ನಿಂತ ಸೆಗಣಿ ಹೊಂಡದಿಂದ ಮೀಥೇನ್ ಹೊರಡುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈ ಆಕ್ಸೈಡ್‌ಗಿಂತ 27 ಪಟ್ಟಿಗೂ ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ.

5. ಒಲೆಯ ಹೊಗೆ: ಬಯಲುಸೀಮೆಯಲ್ಲಿ ಬೆರಣಿ ಸುಡುವ ಮನೆಗಳಲ್ಲಿ ಆ ಹೊಗೆ ಕುಡಿಯುವವರು ಅಡುಗೆ ಮಾಡುವ ಹೆಂಗಸರು ಮತ್ತು ಅವರ ಜೊತೆ ಇರುವ ಮಕ್ಕಳು. ಗದ್ದೆಗೆ ಸೇರಬೇಕಾದ ಸಾರವೂ ಹೊಗೆಯಲ್ಲಿ ಹೋಗುತ್ತದೆ.

ಇದು ಬಡ ದೇಶಗಳ ಸಮಸ್ಯೆ ಮಾತ್ರ ಎಂದು ಭಾವಿಸಬೇಕಾಗಿಲ್ಲ. ಹಾಲಿಗೂ ಚೀಸಿಗೂ ಹೆಸರಾದ ನೆದರ್‌ಲ್ಯಾಂಡ್ಸ್‌ನಲ್ಲಿ ಭೂಮಿ ಹೀರುವುದಕ್ಕಿಂತ ಹೆಚ್ಚು ಸೆಗಣಿ ಉತ್ಪತ್ತಿಯಾಗಿ, 2019ರಲ್ಲಿ ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯವು ಸರಕಾರದ ಸಾರಜನಕ ನೀತಿಯನ್ನೇ ತಳ್ಳಿಹಾಕಿತು. 2023ರಲ್ಲಿ ಸರಕಾರ ಹಣ ಕೊಟ್ಟು ಕೆಲವು ಪಶು ಫಾರ್ಮ್‌ಗಳನ್ನು ಮುಚ್ಚಿಸುವ ಯೋಜನೆ ತಂದಿತು. ಎಷ್ಟು ತಂತ್ರಜ್ಞಾನ ಇದ್ದರೂ ಭೂಮಿ ಮತ್ತು ದನದ ಲೆಕ್ಕ ತಪ್ಪಿದರೆ ಕಷ್ಟ ತಪ್ಪದು.

ನಾವಿರುವ ಈ ದೇಶದಲ್ಲಿ

ಯುಎಇಯ ಮರಳುಗಾಡಿನಲ್ಲೂ ದೊಡ್ಡ ಡೈರಿಗಳಿವೆ. ಅಲ್ ಐನ್‌ನ ಡೈರಿ 1981ರಲ್ಲಿ, ದುಬೈಯ ಅಲ್ ರವಾಬಿ 1989ರಲ್ಲಿ ಆರಂಭವಾದವು. ನಮ್ಮ ಮನೆಗಳ ಮೊಸರು ಮಜ್ಜಿಗೆಗೆ ಹಾಲು ಕೊಡುವ ಇಂತಹ ಫಾರ್ಮ್‌ಗಳಲ್ಲಿ ದನಗಳಿಗೆ ಫ್ಯಾನ್ ಮತ್ತು ತುಂತುರು ನೀರಿನ ತಂಪು ಬೇಕು. ಇಲ್ಲಿ ಒಂದು ಅನುಕೂಲವಿದೆ: ಬಿಸಿಲು ಹೆಚ್ಚು, ಮಳೆ ಬಹಳ ಕಡಿಮೆ. ಸೆಗಣಿ ಬೇಗ ಒಣಗುತ್ತದೆ, ಹಗುರವಾಗುತ್ತದೆ, ಚೀಲ ತುಂಬಿ ಸಾಗಿಸಬಹುದು. ಸಾವಯವ ಅಂಶವೇ ಇಲ್ಲದ ಮರಳಿಗೆ ಇದು ಬಹಳ ಬೆಲೆಬಾಳುವ ವಸ್ತು.

ರಾಸ್ ಅಲ್ ಖೈಮಾದ ಒಂದು ಉದಾಹರಣೆ ಗಮನಾರ್ಹ. ಅಲ್ಲಿನ ಗಲ್ಫ್ ಸಿಮೆಂಟ್ ಕಂಪೆನಿಯು ಒಂಟೆಯ ಲದ್ದಿಯನ್ನು ಕಲ್ಲಿದ್ದಲಿನ ಜೊತೆ ಬೆರೆಸಿ ಕುಲುಮೆಯಲ್ಲಿ ಉರಿಸುವುದು 2019ರಲ್ಲಿ ಸುದ್ದಿಯಾಯಿತು. ಸುಮಾರು ಒಂಬತ್ತು ಪಾಲು ಕಲ್ಲಿದ್ದಲಿಗೆ ಒಂದು ಪಾಲು ಲದ್ದಿ. ಎರಡು ಟನ್ ಲದ್ದಿ ಒಂದು ಟನ್ ಕಲ್ಲಿದ್ದಲಿನ ಕೆಲಸ ಮಾಡುತ್ತದೆ ಎಂದು ವರದಿಯಾಗಿತ್ತು. ಒಂಟೆ ಸಾಕುವವರು ಗೊತ್ತುಪಡಿಸಿದ ಕಡೆ ತಂದು ಹಾಕಿದರೆ ಸಾಕು, ಅಲ್ಲಿಂದ ಕಾರ್ಖಾನೆಗೆ ಹೋಗುವ ವ್ಯವಸ್ಥೆ ಇತ್ತು. ಒಬ್ಬರ ಕಸ ಇನ್ನೊಬ್ಬರ ಕಚ್ಚಾವಸ್ತುವಾಗಲು ನಡುವೆ ಸಂಗ್ರಹದ ವ್ಯವಸ್ಥೆ ಬೇಕು ಎಂಬುದು ಇಲ್ಲಿನ ಪಾಠ. ಆದರೆ ನಮ್ಮೂರಿನ ನಾಲ್ಕು ತಿಂಗಳ ಜಡಿಮಳೆಯಲ್ಲಿ ಒಣಗಿಸುವ ಈ ಉಪಾಯ ನಡೆಯದು. ನಮಗೆ ಬೇರೆ ದಾರಿ ಬೇಕು.

ಗೋಬರ್ ಗ್ಯಾಸ್

ಆ ದಾರಿಗಳಲ್ಲಿ ಮುಖ್ಯವಾದದ್ದು ಗೋಬರ್ ಗ್ಯಾಸ್. ಗಾಳಿಯಿಲ್ಲದ ತೊಟ್ಟಿಯಲ್ಲಿ ಸೆಗಣಿಯನ್ನು ಬ್ಯಾಕ್ಟೀರಿಯಾಗಳು ಕೊಳೆಸಿದಾಗ ಬರುವ ಅನಿಲದಲ್ಲಿ ಶೇಕಡಾ 55ರಿಂದ 60ರಷ್ಟು ಮೀಥೇನ್ ಇರುತ್ತದೆ. ಕಬ್ಬಿಣದ ಡ್ರಮ್ ಮೇಲೆ ಕೆಳಗೆ ಚಲಿಸುವ ಮಾದರಿಯನ್ನು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 1960ರ ದಶಕದಲ್ಲಿ ಪ್ರಚಾರಕ್ಕೆ ತಂದಿತು. ನೆಲದೊಳಗೆ ಗುಮ್ಮಟದಂತೆ ಕಟ್ಟುವ ಅಗ್ಗದ ದೀನಬಂಧು ಮಾದರಿ 1984ರಲ್ಲಿ ಬಂತು.

25 ಕಿಲೋ ಸೆಗಣಿಗೆ ಸುಮಾರು ಒಂದು ಘನ ಮೀಟರ್ ಅನಿಲ, ಅದು 0.43 ಕಿಲೋ ಅಡುಗೆ ಅನಿಲಕ್ಕೆ ಸಮ. ದಿನಕ್ಕೆ 50 ಕಿಲೋ ಸೆಗಣಿ ಹಾಕುವ ಎರಡು ಘನ ಮೀಟರಿನ ಸ್ಥಾವರ ನಾಲ್ಕೈದು ಜನರ ಅಡುಗೆಗೆ ಸಾಕು. ಪೂರ್ತಿ ಅನಿಲ ಬಳಕೆಯಾದರೆ 14.2 ಕಿಲೋದ ಒಂದು ಸಿಲಿಂಡರ್ ಹದಿನಾರು ಹದಿನೇಳು ದಿನಕ್ಕೆ ಉಳಿದಂತೆ.

ಇಲ್ಲಿ ಅನೇಕರು ಮರೆಯುವ ಸಂಗತಿ ಒಂದಿದೆ. ಅನಿಲ ತೆಗೆದ ಮಾತ್ರಕ್ಕೆ ಸೆಗಣಿ ಮಾಯವಾಗುವುದಿಲ್ಲ. 50 ಕಿಲೋ ಸೆಗಣಿಗೆ ಅಷ್ಟೇ ನೀರು ಬೆರೆಸಿ ಹಾಕಿದರೆ, ದಿನವೂ ಹತ್ತಿರ ಹತ್ತಿರ 100 ಲೀಟರ್ ಸ್ಲರಿ ಹೊರಬರುತ್ತದೆ. ಅದರಲ್ಲಿ ಸಾರಜನಕವೂ ಹಾಗೆಯೇ ಇರುತ್ತದೆ. ಸ್ಲರಿಗೆ ಜಾಗ ಮಾಡದೆ ಸ್ಥಾವರ ಕಟ್ಟಿದರೆ ಮಾಲಿನ್ಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗಿರುತ್ತದೆ ಅಷ್ಟೆ. ಅಡಿಕೆ ಸಿಪ್ಪೆ, ಒಣಗಿದ ಸೋಗೆ, ತರಗೆಲೆ ತುಂಬಿದ ಗುಂಡಿಗೆ ಸ್ಲರಿ ಬಿಟ್ಟರೆ ಎರಡೂ ಸೇರಿ ಉತ್ತಮ ಗೊಬ್ಬರವಾಗುತ್ತದೆ. ಕೋಲಾರದ ಎಸ್‌ಕೆಜಿ ಸಂಘ ಎಂಬ ಸಂಸ್ಥೆ ಗೋಬರ್ ಗ್ಯಾಸ್ ಜೊತೆಗೆ ಎರೆಗೊಬ್ಬರದ ತೊಟ್ಟಿಯನ್ನೂ ಸೇರಿಸಿ ಕಟ್ಟಿಸಿ, 2007ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಪಡೆಯಿತು.

ಪುರ ಗ್ರಾಮದ ಪಾಠ

ಕುಣಿಗಲ್ ತಾಲೂಕಿನ ಪುರ ಎಂಬ ಪುಟ್ಟ ಹಳ್ಳಿ ಈ ವಿಷಯದಲ್ಲಿ ಪ್ರಪಂಚದ ಪುಸ್ತಕಗಳನ್ನು ಸೇರಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗ ಅಲ್ಲಿ ಇಡೀ ಊರಿಗೆ ಒಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿತು. ಮೊದಲ ಉದ್ದೇಶ ಎಲ್ಲ ಮನೆಗೂ ಅಡುಗೆ ಅನಿಲ. ಅದು ಯಶಸ್ವಿಯಾಗಲಿಲ್ಲ. ಊರಿನ ಸೆಗಣಿಯಿಂದ ಎಲ್ಲರ ಅಡುಗೆ ಪೂರೈಸುವಷ್ಟು ಅನಿಲ ಬರಲಿಲ್ಲ.

ಯೋಜನೆಯನ್ನು ಅಲ್ಲಿಗೇ ಬಿಡಲಿಲ್ಲ. ಊರಿನವರಿಗೆ ನಿಜವಾಗಿ ಬೇಕಾದದ್ದು ಶುದ್ಧ ಕುಡಿಯುವ ನೀರು ಮತ್ತು ಬೆಳಕು ಎಂದು ತಿಳಿಯಿತು. 1987ರಿಂದ ಅದೇ ಅನಿಲದಿಂದ ಐದು ಕಿಲೋವ್ಯಾಟ್‌ನಷ್ಟು ಸಣ್ಣ ಜನರೇಟರ್ ನಡೆಸಿ, ಕೊಳವೆ ಬಾವಿಯ ನೀರನ್ನು ನಲ್ಲಿಗೂ ವಿದ್ಯುತ್ತನ್ನು ಮನೆಗಳಿಗೂ ಕೊಡಲಾಯಿತು. ಸೆಗಣಿ ತಂದುಕೊಟ್ಟವರಿಗೆ ತೂಕಕ್ಕೆ ತಕ್ಕಂತೆ ಸಣ್ಣ ಮೊತ್ತ ಸಿಗುತ್ತಿತ್ತು. ಅನಿಲ ತೆಗೆದ ಮೇಲೆ ಸ್ಲರಿಯನ್ನು ಮರಳಿನ ಹಾಸಿನಲ್ಲಿ ಸೋಸಿ, ಗಟ್ಟಿ ಗೊಬ್ಬರವನ್ನು ಅವರವರಿಗೇ ಹಿಂದಿರುಗಿಸುತ್ತಿದ್ದರು. ಸೆಗಣಿ ಕೊಟ್ಟವರು ಏನನ್ನೂ ಕಳೆದುಕೊಳ್ಳಲಿಲ್ಲ, ಊರಿಗೆ ನೀರು ಬೆಳಕು ಬಂತು. ಜನರನ್ನು ಕೇಳದೆ ಕಟ್ಟಿದ್ದು ನಿಲ್ಲಲಿಲ್ಲ, ಕೇಳಿ ಮಾಡಿದ್ದು ನಡೆಯಿತು. ಹೊರದೇಶದಲ್ಲಿ ಕುಳಿತು ಊರಿಗೆ ಯೋಜನೆ ಹಾಕುವ ನಾವು ಇದನ್ನು ವಿಶೇಷವಾಗಿ ಗಮನಿಸಬೇಕು.

ಊರಿನ ಹಟ್ಟಿಗೆ ಕೆಲವು ಸೂಚನೆಗಳು

1. ತೊಳೆಯುವ ಮೊದಲು ಸೆಗಣಿಯನ್ನು ಗೋರಿ ಬೇರೆ ತೆಗೆಯಿರಿ. ನೀರು ಆಮೇಲೆ, ಅದೂ ಮಿತವಾಗಿ.

2. ಗೊಬ್ಬರದ ಗುಂಡಿಗೆ ಮಾಡು ಹಾಕಿಸಿ, ತಳಕ್ಕೆ ಸಿಮೆಂಟ್ ಅಥವಾ ಗಟ್ಟಿ ಜೇಡಿ ಇರಲಿ. ಮಳೆನೀರು ಒಳಗೆ ಬಾರದಂತೆ ಸುತ್ತ ಕಣಿ ತೆಗೆಸಿ. ಖರ್ಚಿಗೆ ಹೋಲಿಸಿದರೆ ಇಷ್ಟು ಪ್ರಯೋಜನ ಕೊಡುವ ಕೆಲಸ ಬೇರೊಂದಿಲ್ಲ.

3. ಗುಂಡಿ ಬಾವಿಯಿಂದ ಕನಿಷ್ಠ 50 ಅಡಿ ದೂರ, ಇಳಿಜಾರಿನ ಕೆಳಗಡೆ ಇರಲಿ. ಮುರಕಲ್ಲಿನ ನೆಲದಲ್ಲಿ ಇನ್ನೂ ದೂರವಾದರೆ ಒಳ್ಳೆಯದು. ನೆರೆಮನೆಯವರ ಬಾವಿಯೂ ನಮ್ಮ ಬಾವಿಯೇ ಎಂದು ಅಳೆಯಿರಿ.

4. ಸೆಗಣಿಯ ಜೊತೆ ತರಗೆಲೆ, ಬೈಹುಲ್ಲು, ಅಡಿಕೆ ಸಿಪ್ಪೆ ಪದರ ಪದರವಾಗಿ ಹಾಕಿ. ಮುಷ್ಟಿಯಲ್ಲಿ ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ಸುರಿಯಬಾರದು. ಒಳಗೆ 55 ಡಿಗ್ರಿ ದಾಟುವ ಬಿಸಿ ಕೆಲವು ದಿನ ಇದ್ದರೆ ರೋಗಾಣು, ಕಳೆಬೀಜ ಸಾಯುತ್ತವೆ. ನಡುವೆ ಒಂದೆರಡು ಸಲ ಮಗುಚಿ ಹಾಕಿ.

5. ಗಂಜಲ ಮತ್ತು ತೊಳೆದ ನೀರಿಗೆ ಪ್ರತ್ಯೇಕ ತೊಟ್ಟಿ ಮಾಡಿ, ಮಳೆ ಇಲ್ಲದ ದಿನಗಳಲ್ಲಿ ತೋಟಕ್ಕೆ ಬಿಡಿ. ಜೋರು ಮಳೆಯಲ್ಲಿ ಬಿಟ್ಟರೆ ಅದು ತೋಡಿಗೆ ಹೋಗುತ್ತದೆ, ಮರಕ್ಕಲ್ಲ.

6. ಫಿನಾಯಿಲ್, ಸೋಪಿನ ನೀರು ಗೋಬರ್ ಗ್ಯಾಸ್ ತೊಟ್ಟಿಗೆ ಹೋಗದಿರಲಿ. ಅದು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ.

7. ಅತಿ ಮುಖ್ಯವಾದದ್ದು: ಗೋಬರ್ ಗ್ಯಾಸ್ ತೊಟ್ಟಿಗೆ ಅಥವಾ ಆಳವಾದ ಸ್ಲರಿ ಗುಂಡಿಗೆ ಯಾರನ್ನೂ ಇಳಿಸಬೇಡಿ. ಅಲ್ಲಿ ಆಮ್ಲಜನಕ ಇರುವುದಿಲ್ಲ, ಹೈಡ್ರೋಜನ್ ಸಲ್ಫೈಡ್ ಇರಬಹುದು. ಒಂದೆರಡು ಉಸಿರಿಗೆ ಪ್ರಜ್ಞೆ ತಪ್ಪುತ್ತದೆ. ಬಿದ್ದವರನ್ನು ಎತ್ತಲು ಇಳಿದವರೂ ಸಾಯುತ್ತಾರೆ. ಹತ್ತಿರ ಬೆಂಕಿ ಹಚ್ಚಬೇಡಿ. ರಿಪೇರಿ ಇದ್ದರೆ ಬಲ್ಲವರನ್ನೇ ಕರೆಯಿರಿ.

8. ವರ್ಷಕ್ಕೊಮ್ಮೆಯಾದರೂ, ಮಳೆಗಾಲ ಮುಗಿದ ಮೇಲೆ, ಬಾವಿಯ ನೀರನ್ನು ನೈಟ್ರೇಟ್ ಮತ್ತು ಬ್ಯಾಕ್ಟೀರಿಯಾಕ್ಕಾಗಿ ಪರೀಕ್ಷೆ ಮಾಡಿಸಿ.

ದೊಡ್ಡ ಪ್ರಮಾಣದಲ್ಲಿ ಮಾಡುವವರು ಇನ್ನೊಂದು ವಿಷಯ ತಿಳಿದಿರಬೇಕು. ಡೈರಿ ಮತ್ತು ಗೋಶಾಲೆಗಳ ತ್ಯಾಜ್ಯದ ಬಗ್ಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಸೆಗಣಿಯಿಂದ ಅನಿಲ ಮತ್ತು ಗೊಬ್ಬರ ತಯಾರಿಸಲು ಕೇಂದ್ರ ಸರಕಾರದ ಗೋಬರ್‌ಧನ್ ಯೋಜನೆ 2018ರಲ್ಲಿ ಆರಂಭವಾಗಿದೆ. ಶೆಡ್ ಕಟ್ಟುವ ಮೊದಲೇ ಪಂಚಾಯಿತಿಯಲ್ಲಿ, ಪಶುಪಾಲನಾ ಇಲಾಖೆಯಲ್ಲಿ, ಹಾಲು ಒಕ್ಕೂಟದಲ್ಲಿ ವಿಚಾರಿಸುವುದು ಒಳ್ಳೆಯದು.

ಮನೆಯಲ್ಲಿ ಚರ್ಚಿಸಲು

(ಮಕ್ಕಳೊಂದಿಗೆ ಕುಳಿತು ಉತ್ತರಿಸಿ.)

1. 8 ಮಿಶ್ರ ತಳಿ ದನ ಇರುವ ಹಟ್ಟಿಯಲ್ಲಿ ವರ್ಷಕ್ಕೆ ಎಷ್ಟು ಟನ್ ಸೆಗಣಿ ಆಗುತ್ತದೆ? ಅದಕ್ಕೆ ಎಷ್ಟು ಎಕರೆ ಅಡಿಕೆ ತೋಟ ಬೇಕು?

2. ಹಟ್ಟಿಗೆ ಸೊಪ್ಪು ಹಾಸುವುದರಿಂದ ವಾಸನೆ ಏಕೆ ಕಡಿಮೆಯಾಗುತ್ತದೆ?

3. ಮರಳುಗಾಡಿನಲ್ಲಿ ಸುಲಭವಾದದ್ದು ಕರಾವಳಿಯಲ್ಲಿ ಕಷ್ಟವೇಕೆ?

4. ಗೋಬರ್ ಗ್ಯಾಸ್ ಇದ್ದರೂ ಮಾಲಿನ್ಯ ಆಗಬಹುದೇ? ಹೇಗೆ?

5. ಪುರ ಗ್ರಾಮದಲ್ಲಿ ಮೊದಲ ಯೋಜನೆ ನಿಂತು ಎರಡನೆಯದು ನಡೆದದ್ದೇಕೆ?

6. ಊರಿನ ನಿಮ್ಮ ಮನೆಯ ಹಟ್ಟಿ, ಗೊಬ್ಬರದ ಗುಂಡಿ, ಬಾವಿ ಎಲ್ಲಿವೆ? ಅಜ್ಜ ಅಜ್ಜಿಗೆ ಫೋನ್ ಮಾಡಿ ಕೇಳಿ ಒಂದು ನಕ್ಷೆ ಬಿಡಿಸಿ. ಮಳೆನೀರು ಯಾವ ಕಡೆಗೆ ಹರಿಯುತ್ತದೆ ಎಂದು ಬಾಣದ ಗುರುತು ಹಾಕಿ.

ಗೋಮಯಕ್ಕೆ ನಮ್ಮ ಮನೆಗಳಲ್ಲಿ ಗೌರವದ ಸ್ಥಾನವಿದೆ. ಅಂಗಳ ಸಾರಿಸಲೂ ಶುಭಕಾರ್ಯಕ್ಕೂ ಅದು ಬೇಕು. ಆ ಗೌರವ ಹಟ್ಟಿಯ ಹಿಂಭಾಗದ ಗುಂಡಿಗೂ ತಲಪಲಿ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಗುಂಡಿಗೆ ಮಾಡು ಇದೆಯೇ ಎಂದು ಒಮ್ಮೆ ನೋಡಿ ಬನ್ನಿ. ಇಲ್ಲದಿದ್ದರೆ ಮಳೆಗಾಲಕ್ಕೆ ಮೊದಲೇ ನಾಲ್ಕು ಶೀಟು ಹಾಕಿಸಿ.